ಸೆರಗಿನ ಹುಣಸೆ ಉಂಡೆ

ಮೊನ್ನೆ ಅರಕಲಗೂಡು ಬಸ್ ಸ್ಟ್ಯಾಂಡಿನಲ್ಲಿ ಕರ್ಚೀಫಿಗಾಗಿ ಬ್ಯಾಗಿನೊಳಗೆ ಕೈ ಹಾಕಿದಾಗ ಬೆರಳಿಗೆ ಏನೋ ಅಂಟಿತು. ತೆಗೆದು ನೋಡಿದರೆ ಬೆಲ್ಲ ಹಾಕಿ ಕುಟ್ಟಿದ ಹುಣಸೆ ಉಂಡೆ, ಕಾಗದದೊಳಗೇ ಕರಗಿ, ಇರುವೆ ಮುತ್ತಿ... ಆ ವಾಸನೆಗೆ ನಮ್ಮತ್ತೆ ಎಲ್ಲಿ ಎಂದು ಪಕ್ಕಕ್ಕೆ ತಿರುಗಿಯೇಬಿಟ್ಟೆ.

ನಾನು ಮೊದಲಿನಿಂದಲೂ ಪುಕ್ಕಲಿ. ನಮ್ಮದು ಗೊಬ್ಬರದ ಅಂಗಡಿ. ಮಾರಾಟ ಚೆನ್ನಾಗಿ ಆದ ವರ್ಷ ಕಂಪನಿಯವರು ಡೀಲರ್‌ಗಳನ್ನು ಫಾರಿನ್ ಟೂರಿಗೆ ಕರೆದುಕೊಂಡು ಹೋಗುತ್ತಾರೆ. ಒಂದು ವರ್ಷ ಬಾರ್ಬಡೋಸ್ ದ್ವೀಪ ಎಂದರು. ಶುಂಠಿಯ ಕಾಲ, ನಮ್ಮ ಯಜಮಾನರು ಅಂಗಡಿ ಬಿಡುವ ಹಾಗಿರಲಿಲ್ಲ. ಅವರ ಬದಲು ಅತ್ತೆ ಹೊರಟರು. "ಓದ್ರೆ ಇಬ್ರೂ ಒಟ್ಗೇ ಓಗಾನ, ನಡಿ ಸುಮ್ಕೆ," ಎಂದು ನನ್ನನ್ನು ವಿಮಾನ ಹತ್ತಿಸಿದವರೂ ಅವರೇ.

ಬ್ರಿಜ್‌ಟೌನ್ ಎಂಬ ಊರು. ಕ್ರಿಕೆಟ್ ಕಾಮೆಂಟರಿಯಲ್ಲಷ್ಟೇ ಕೇಳಿದ್ದ ಹೆಸರು. ಊರು ಸುತ್ತಿಸಿ, ದಾರಿಯುದ್ದಕ್ಕೂ ಅಲ್ಲಿಯ ತಿನಿಸುಗಳ ರುಚಿ ತೋರಿಸಲು ಹಳದಿ ಕೊಡೆ ಹಿಡಿದ ಗೈಡಮ್ಮ ಒಬ್ಬಳು ಬೆಳಿಗ್ಗೆ ಬೇಗನೆ ವ್ಯಾನ್ ತಂದಳು. ಅತ್ತೆಯ ಶಿವಪೂಜೆ ಆಗಿರಲಿಲ್ಲ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದು ವಿಭೂತಿ ಹಚ್ಚದೆ ಅವರು ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗೆ ಮಾತ್ರ ವಿನಾಯಿತಿ, ಅದು ಔಷಧಿ ಎಂದು. "ನಂಗೋಸ್ಕರ ಅಷ್ಟೂ ಜನ ಕಾಯದು ಬ್ಯಾಡ. ಮಧ್ಯಾನ್ಕೆ ಬತ್ತೀವಲ್ಲ, ಆಗ ಮಾಡ್ಕತೀನಿ," ಎಂದು ಅವರೇ ವ್ಯಾನ್ ಹತ್ತಿದರು.

ಗಡಿಯಾರದ ಗೋಪುರ ನೋಡಿದೆವು, ಸೇತುವೆಯ ಕೆಳಗೆ ಕಟ್ಟಿದ ದೋಣಿಗಳನ್ನು ನೋಡಿದೆವು. ಮೀನು ಕರಿಯುವ ಕಡೆ ಅತ್ತೆ ಮೂಗಿಗೆ ಸೆರಗು ಹಿಡಿದು ನಿಂತರು. ಸಂತೆಬೀದಿಯಲ್ಲಿ ಗೈಡಮ್ಮ ಸಕ್ಕರೆಯಲ್ಲಿ ಹೊರಳಿಸಿದ ಕಂದು ಉಂಡೆಗಳನ್ನು ಎಲ್ಲರಿಗೂ ಹಂಚಿದಳು. ಅತ್ತೆ ಮೂಸಿದ್ದೇ ಮುಖ ಅರಳಿತು. "ಉಣ್ಸೇಹಣ್ಣು ಕಣೇ! ಇಷ್ಟು ದೂರ್ದಲ್ಲೂ!" ಎಂದು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಪೂಜೆ ಆದ ಮೇಲೆ ತಿನ್ನಲಿಕ್ಕೆ.

ಆಮೇಲೆ ರಮ್ ರುಚಿ ನೋಡುವ ಅಂಗಡಿ. ನಮ್ಮ ಗಂಡಸರೆಲ್ಲ ಹುರುಪಿನಿಂದ ಒಳಗೆ ನುಗ್ಗಿದರು. ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಅತ್ತೆಯ ಹಣೆಯಲ್ಲಿ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು. ಬಿಸಿಲಿಗೆ ಎಂದುಕೊಂಡು ಕೈ ಹಿಡಿದರೆ ಐಸಿನಂತೆ ತಣ್ಣಗೆ, ಗಡಗಡ ನಡುಗುತ್ತಿತ್ತು.

"ಕಣ್ಣು ಮಂಜಾಯ್ತದೆ ಕಣವ್ವ..."

"ಮಾತ್ರೆ ತಗೊಂಡ್ರಾ ಅತ್ತೆ?"

"ಎದ್ದೇಟ್ಗೇ ತಗಂಡೆ."

ಖಾಲಿ ಹೊಟ್ಟೆಗೆ ಮಾತ್ರೆ! ಹೀಗೆ ಸಕ್ಕರೆ ಇಳಿದು ನಮ್ಮ ಬೀದಿಯವರೊಬ್ಬರು ಕೂತಲ್ಲೇ ಹೋಗಿದ್ದರು. ಗುರುತಿಲ್ಲದ ಈ ಊರಿನಲ್ಲಿ ಅತ್ತೆಗೆ ಏನಾದರೂ ಆದರೆ ಯಾರನ್ನು ಕೂಗುವುದು, ಮನೆಗೆ ಯಾವ ಮುಖ ಹೊತ್ತು ಹೋಗುವುದು? ಸೆರಗಿನ ಗಂಟು ಬಿಚ್ಚಿ ಉಂಡೆಯನ್ನು ಬಾಯಿಯ ಹತ್ತಿರ ಹಿಡಿದೆ. ಹಲ್ಲು ಕಚ್ಚಿಕೊಂಡು ತಲೆ ತಿರುಗಿಸಿದರು.

"ಇದೂ ಔಷಧಿನೇ, ನಿಮ್ಮ ಕಾಲಿಗೆ ಬೀಳ್ತೀನಿ!"

"ಸಿಹಿ ಔಷಧಿಯಾ? ನಂಗೆ ಸಿಹಿ ಬಿಡ್ಸಿರೋದೇ ಡಾಕ್ಟ್ರು."

ನಗು ಬರುವ ಮಾತು. ಅವತ್ತು ನನಗೆ ಅಳು ಬಂತು.

ಸದ್ದು ಕೇಳಿ ಗೈಡಮ್ಮ ಹೊರಗೆ ಬಂದಳು. ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ವಾದಕ್ಕೆ ಇಳಿಯಲಿಲ್ಲ, ಬೈಯಲೂ ಇಲ್ಲ. ಪೂಜೆಗೆ ಏನು ಬೇಕು ಎಂದಷ್ಟೇ ಕೇಳಿದಳು. ವಿಭೂತಿ ಅತ್ತೆಯ ಹತ್ತಿರವೇ ಇತ್ತು, ನೀರು ಸಾಕು ಎಂದೆ. ತನ್ನ ಬಾಟಲಿಯ ನೀರಿನಲ್ಲಿ ಅತ್ತೆಯ ಕೈ ತೊಳೆಸಿದಳು, ಪಕ್ಕದ ಬೇಲಿಯಿಂದ ಕೆಂಪು ದಾಸವಾಳ ಕಿತ್ತುತಂದಳು, ಕೊಡೆ ಬಿಚ್ಚಿ ನೆರಳು ಮಾಡಿದಳು.

ಅತ್ತೆ ಲಿಂಗ ತೆಗೆದು ಅಂಗೈಯಲ್ಲಿಟ್ಟರು. ಆ ಕೈ ಹೇಗೆ ನಡುಗುತ್ತಿತ್ತೆಂದರೆ ಲಿಂಗ ಉರುಳಿ ಅಂಚಿಗೆ ಬಂತು. ಅದು ಕಲ್ಲಿನ ಮೇಲೆ ಬಿದ್ದರೆ ಅತ್ತೆ ಆಮೇಲೆ ಬದುಕಿದ್ದೂ ಬದುಕಿದಂತಲ್ಲ. ಅವರ ಕೈಯ ಅಡಿಗೆ ನನ್ನ ಕೈ ಕೊಟ್ಟೆ. ನನ್ನದೂ ನಡುಗುತ್ತಿತ್ತು! ಆಗ ನನ್ನ ಕೈಯ ಅಡಿಗೆ ಗೈಡಮ್ಮನ ಅಗಲವಾದ ಅಂಗೈ ಬಂತು. ಮೂರು ಕೈಗಳ ಮೇಲೆ ಲಿಂಗ ನಿಂತಿತು. ಅತ್ತೆ ನೀರೆರೆದರು, ವಿಭೂತಿ ಹಚ್ಚಿದರು, ಹೂವಿಟ್ಟರು, ಕಣ್ಣು ಮುಚ್ಚಿದರು. ಆ ಕಣ್ಣು ಮತ್ತೆ ತೆರೆಯುವವರೆಗೆ ನಾನು ಉಸಿರಾಡಿದ ನೆನಪಿಲ್ಲ...

ತೆರೆದವರು ತಾವೇ ಉಂಡೆಗೆ ಕೈ ಚಾಚಿದರು. ಗೈಡಮ್ಮ ಇನ್ನಷ್ಟು ತಿನ್ನಿಸಿ, ಕಬ್ಬಿನ ಹಾಲು ತಂದು ಕುಡಿಸಿದಳು. ಮೆಲ್ಲಗೆ ಬೆವರು ಆರಿತು. "ನಮ್ಮ ಉಣ್ಸೇಹಣ್ಣೇ ಒಂಚೂರು ಉಳಿ ಜಾಸ್ತಿ," ಎಂದರು ಅತ್ತೆ. ಹೋಗುವಾಗ ಆಕೆಯ ಕೆನ್ನೆ ಸವರಿ ನೆಟಿಕೆ ತೆಗೆದರು.

ಊರಿಗೆ ಬಂದ ಮೇಲೆ ನಾನು ಬ್ಯಾಗಿನಲ್ಲಿ ಹುಣಸೆ ಉಂಡೆ ಇಲ್ಲದೆ ಅವರನ್ನು ಹಾಸನಕ್ಕೂ ಕರೆದುಕೊಂಡು ಹೋಗಲಿಲ್ಲ. ಮದುವೆಮನೆಯಲ್ಲಿ ಕೂತರೂ ಕಣ್ಣು ಅವರ ಕೈಯ ಮೇಲೇ ಇರುತ್ತಿತ್ತು, ನಡುಗುತ್ತಿದೆಯಾ ಎಂದು. "ನನ್ನ ಸಾಯಕ್ಕೂ ಬಿಡಾಕಿಲ್ಲ ಇವ್ಳು," ಎಂದು ರೇಗಿಸುತ್ತಿದ್ದರು.

ಹೋದ ವರ್ಷ ಅತ್ತೆ ನಿದ್ದೆಯಲ್ಲೇ ಹೋದರು. ನಮ್ಮ ಪದ್ಧತಿಯಂತೆ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ನಾನು ಜನರನ್ನು ಸರಿಸಿಕೊಂಡು ಹೋಗಿ ಆ ಕೈಯ ಅಡಿಗೆ ನನ್ನ ಕೈ ಕೊಟ್ಟೆ. ಅದು ನಡುಗಲಿಲ್ಲ. ಎಷ್ಟು ಹೊತ್ತು ಹಿಡಿದುಕೊಂಡರೂ ನಡುಗಲಿಲ್ಲ.

ಬಸ್ ಬಂತು. ಇರುವೆಗಳನ್ನು ಕೊಡವಿ ಉಂಡೆಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡೆ.