ನಾವು ಕಟ್ಟಿದ ರೋಡ್ಸ್ ಕೋಟೆ

ಸಿಂಗಾಪುರದ ಒನ್-ನಾರ್ತ್‌ನ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಆಟವೊಂದಕ್ಕಾಗಿ ನಾವು ಎರಡು ವರ್ಷ ರೋಡ್ಸ್ ಕೋಟೆ ಕಟ್ಟಿದೆವು. ಸಮುದ್ರದ ನಡುವೆ ದ್ವೀಪ, ಒಳಗೆ ಕೆಲವೇ ಸಾವಿರ ಕ್ರೈಸ್ತ ಯೋಧರು, ಹೊರಗೆ ಮುತ್ತಿಗೆ ಹಾಕಿದ ತುರ್ಕಿ ಸುಲ್ತಾನನ ದೊಡ್ಡ ಸೈನ್ಯ; ಐನೂರು ವರ್ಷದ ಹಿಂದೆ ನಿಜವಾಗಿ ನಡೆದದ್ದು. ಗೋಡೆ, ಬುರುಜುಗಳನ್ನು ಮಾಡುತ್ತಿದ್ದವನು ಪಕ್ಕದ ಮೇಜಿನ ಮೈಸೂರಿನ ಗೆಳೆಯ. ಶ್ರೀರಂಗಪಟ್ಟಣದ ಕಲ್ಲುಗಳ ಫೋಟೋ ತಂದು ಅದನ್ನೇ ಗೋಡೆಗೆ ಹಾಕಿದ್ದ. "ಯಾರಿಗ್ ಗೊತ್ತಾಗತ್ತೆ ಸಾರ್, ಕಲ್ಲು ಕಲ್ಲೇ" ಎನ್ನುತ್ತಿದ್ದ. ಪಾತ್ರಗಳ ಮಾತು ಬರೆಯುವುದು ನನ್ನ ಕೆಲಸ.

ಆ ಮುತ್ತಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಯ ಒಬ್ಬ ಹಿರಿಯ ಅಧಿಕಾರಿಯ ಕಥೆ. ಬಾಣಕ್ಕೆ ಕಟ್ಟಿ ಶತ್ರುವಿಗೆ ಪತ್ರ ಕಳಿಸುತ್ತಿದ್ದಾನೆಂದು ಅವನ ಆಳು ಸಿಕ್ಕಿಬಿದ್ದ. ಧಣಿಯೇ ಹೇಳಿದ್ದು ಎಂದುಬಿಟ್ಟ. ಚಿತ್ರಹಿಂಸೆ ಕೊಟ್ಟರೂ ಮುದುಕ ಒಪ್ಪಿಕೊಳ್ಳಲಿಲ್ಲ. ತಲೆ ತೆಗೆದರು. ಕೋಟೆ ಹೇಗೂ ಬಿತ್ತು. ಆ ದೃಶ್ಯದ ಮಾತುಗಳನ್ನು ನಾನು ಕಣ್ಣಲ್ಲಿ ನೀರು ತಂದುಕೊಂಡು ಬರೆದೆ. ನಾಚಿಕೆಯಾಗಬೇಕು ನನಗೆ.

ಬಿಡುಗಡೆಗೆ ಮೊದಲೇ ಆಟದ ಚಿತ್ರಗಳು ಇಂಟರ್‌ನೆಟ್‌ಗೆ ಸೋರಿದವು. ಮ್ಯಾನೇಜರ್ ಒಬ್ಬೊಬ್ಬರನ್ನೇ ಕೋಣೆಗೆ ಕರೆದರು. ಇಲ್ಲೇ ಕಾಯಂ ಆಗಿ ನೆಲೆಸಲು ಹಾಕಿದ್ದ ನನ್ನ ಪಿಆರ್ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. "ನೀವೂ ಆ ಗೋಡೆ ಮಾಡುವವನೂ ಒಂದೇ ಊರಿನವರಲ್ಲವೇ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಅವನ ಜೊತೆ ನನ್ನನ್ನೂ ಸೇರಿಸಿಬಿಟ್ಟರೆ?

"ಊರು ಒಂದೇ, ಅಷ್ಟೇ. ಅವನು ಕೆಲವು ಸಲ ಫೈಲುಗಳನ್ನು ಮನೆಗೆ ಒಯ್ಯುತ್ತಾನೆ" ಎಂದೆ.

ನಾನೂ ಒಯ್ಯುತ್ತಿದ್ದೆ. ಅದನ್ನು ಹೇಳಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂದುಕೊಂಡು ಹೊರಬಂದೆ.

ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು, ವರ್ಕ್ ಪಾಸ್ ರದ್ದಾಯಿತು. ಮೂವತ್ತು ದಿನದಲ್ಲಿ ದೇಶ ಬಿಡಬೇಕು. ಸೋತ ಯೋಧರಿಗೆ ಸುಲ್ತಾನನೂ ಗಂಟುಮೂಟೆ ಕಟ್ಟಲು ಹೀಗೇ ಗಡುವು ಕೊಟ್ಟಿದ್ದ.

ಹೊರಡುವ ಮುನ್ನ ಅವನು ಕಲ್ಲಾಂಗ್‌ನ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತ, "ಸಾರ್, ಬೆಂಗಳೂರಲ್ಲಿ ಒಂದೆರಡ್ ಕಡೆ ಅಪ್ಲೈ ಮಾಡಿದೀನಿ. ರೆಫರೆನ್ಸ್‌ಗೆ ನಿಮ್ ನಂಬರ್ ಕೊಡ್ಲಾ? ಇಲ್ಲಿ ನನ್ ಬಗ್ಗೆ ಒಳ್ಳೇ ಮಾತು ಹೇಳೋರು ನೀವೊಬ್ರೇ" ಎಂದ.

"ಕೊಡಪ್ಪ, ಅದಕ್ಕೇನಂತೆ" ಎಂದೆ. ಅವನಿಗೆ ಇನ್ನೊಂದು ಲೋಟ ಕಾಫಿ ತರಲು ಹೆಂಡತಿಗೆ ಹೇಳಿದೆ.

ಮುಂದಿನ ತಿಂಗಳು, ಚಿತ್ರಗಳು ಸೋರಿದ್ದು ಆಟವನ್ನು ಪರೀಕ್ಷಿಸುತ್ತಿದ್ದ ಹೊರಗಿನ ತಂಡದಿಂದ ಎಂದು ಗೊತ್ತಾಯಿತು. ಆಫೀಸಿನಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನ ಪಿಆರ್ ಬಂತು.

ಅದೇ ವಾರ ಬೆಂಗಳೂರಿನ ಒಂದು ಕಂಪನಿಯಿಂದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ಬಹಳ ಒಳ್ಳೆಯ ಕೆಲಸಗಾರ, ಅವನು ಕಟ್ಟಿದ ಗೋಡೆಗಳನ್ನು ನೀವು ನೋಡಬೇಕು ಎಂದೆ.

"ಮತ್ತೆ ಯಾಕ್ ಸಾರ್ ತೆಗೆದ್ರು ಅವ್ರನ್ನ?" ಎಂದು ಕೇಳಿದಳು.

ನನಗೆ ಗೊತ್ತಿಲ್ಲ ಎಂದೆ.