ಗಡಿಗ್ಯಾಗ ಆಕಿ ಚೀಟಿ ಇರಲಿಲ್ಲ

ಹುಡುಗರು ಚ್ಯಾಷ್ಟಿ ಮಾಡಿದ್ದಕ್ಕ ಆಕಿ ಸಿಟ್ಟಿಗೆದ್ದಳು ಅಂತ ನನ್ನ ಮೊಮ್ಮಕ್ಕಳಿಗೂ ಯಾರೋ ಹೇಳ್ಯಾರ. ಸುಳ್ಳು. ಚ್ಯಾಷ್ಟಿ ಮಾಡಲಿಲ್ಲ ಅಂತ ಸಿಟ್ಟಿಗೆದ್ದಳು.

ಬಾಜೂ ಮನಿ ಕುರಿಯವರ ಮಗಳು. ಮ್ಯಾಟ್ರಿಕ್ ವರ್ಗದಾಗ ಆಕಿ ಒಬ್ಬಾಕಿನ ಹುಡುಗಿ. ನಾ ರೊಟ್ಟಿ ಬಡಿಯೂ ಮುಂದ ಬಂದು ಕುಂದರತಿದ್ದಳು. ಏನು ಹೇಳಿದರೂ ಗದ್ದಕ್ಕ ಕೈ ಹಚ್ಚಿ, "ಆಮ್ಯಾಲ, ವೈನಿ?" ಅಂತ ಕೇಳಾಕಿ. ನನ್ನ ಹತ್ರ ಅಷ್ಟು ಕಥಿ ಎಲ್ಲಿಂದ ಬರಬೇಕು?

ಸಾಲಿ ಬಿಡೂ ದಿನ ಹುಡುಗರು, ಯಾರು ಮುಂದ ಏನಾಗ್ತಾರ ಅಂತ ನಗಿಚಾಟಿಕಿ ಚೀಟಿ ಬರದು ಗಡಿಗ್ಯಾಗ ಹಾಕಿದ್ದರು. ಉಪ್ಪಿಟ್ಟು ಮಾಡಾಕ ಹೋದ ನಾನೂ ನಿಂತು ಕೇಳಿದೆ. ಚೀಟ್ಯಾಗ ಒಬ್ಬ ಮಾಮಲೇದಾರ ಆದ. ಇನ್ನೊಬ್ಬ ಎಸ್‌ಟಿ ಬಸ್ಸಿನ ಕಂಡಕ್ಟರ್ ಆಗಿ ಬೀಗರಿಗೂ ತಿಕೀಟ ಹರದ. ಗಡಿಗಿ ಖಾಲಿ ಆತು.

"ನಂದೆಲ್ಲೈತ್ರೋ?" ಅಂದಳು ಆಕಿ.

"ನಿಂದೇನ ಬರಿಯೂದು? ಮದಿವಿ ಆಗ್ತಿ," ಅಂದ ಒಬ್ಬ.

"ಆಮ್ಯಾಲ?"

ಅವ ಖಾಲಿ ಗಡಿಗ್ಯಾಗ ಇಣಿಕಿ ನೋಡಿದ. ಆಕಿನ ಎದ್ದು ಹೇಳಿದಳು: "ಮಾಸ್ತರಕಿ ಕಲತು ಬಂದು ನಿಮ್ಮ ಮಕ್ಕಳ ಕಿವಿ ಹಿಂಡತೀನಿ. ಅದಕ್ಕ ಜತ್ತ ಪ್ಯಾಟ್ಯಾಗ ಅರ್ಜಿ ಕೊಡಾಕ ನಾಳಿನ ಕಡೀ ದಿನ. ಹೋಗಾಕಿನ."

ಎಲ್ಲಾರೂ ನಕ್ಕರು. ಬಾಗಿಲದಾಗ ನಿಂತಿದ್ದ ಆಕಿ ಅಪ್ಪ ನಗಲಿಲ್ಲ.

"ನಾಳಿ ನಾ ಸಂತಿಗೆ ಹೊಂಟೀನಿ. ಕುರಿ ಯಾರು ಮೇಸತಾರ, ನಿಮ್ಮ ಮಾಸ್ತರ?" ಅಂದ.

ಆಕಿ ಮತ್ತ ಕೆಳಗ ಕುಂತಳು. ಆಕಿ ಏನೂ ಕೇಳದ ಕುಂತದ್ದು ನಾ ಕಂಡದ್ದು ಅದೊಂದ ಸಲ.

ಮರುದಿನ ಮುಂಜಾನಿ, ಜತ್ತದ ಬಸ್ಸು ಬರೂಕಿಂತ ಮೊದಲ, ನಾ ಅವರ ಕುರಿ ಹೊಡಕೊಂಡು ಸೊರಡಿ ಊರ ಕಡೆ ಮೇಸಾಕ ಹೋದೆ.