ಲೇಬಲ್ ಪಂಡಿತನ ಹಾನಿಕಾರಕ

ನೆಲ ತೊಳೆಯುವ ದ್ರಾವಣಗಳ ಕಾರ್ಖಾನೆಯಲ್ಲಿ ಲೇಬಲ್ ಬರೆಯುವವನನ್ನು ಎಲ್ಲರೂ ಪಂಡಿತ ಎನ್ನುತ್ತಿದ್ದರು. ಹಾಗೆ ಕರೆಯುವಾಗ ಜನ ಒಳಗೊಳಗೇ ನಗುತ್ತಾರೆಂಬುದು ಅವನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿತ್ತು. ಅಲ್ಲೇ ಬಾಟಲಿ ತುಂಬುವ ಕೆಲಸದಲ್ಲಿದ್ದ ಅವನ ತಂಗಿಗಂತೂ ನಕ್ಕು ನಕ್ಕು ಸಾಕಾಗಿತ್ತು.

ಇಪ್ಪತ್ತು ವರ್ಷದಲ್ಲಿ ಈ ಮಹಾಶಯ ಕಡಿದು ಕಟ್ಟೆ ಹಾಕಿದ್ದು ಒಂದೇ ಪದ: ಹಾನಿಕಾರಕ. ಮೊದಲು ಆಸಿಡ್ ಬಾಟಲಿಯ ಮೇಲೆ ಕೆಂಪಕ್ಷರದಲ್ಲಿ 'ಸುಡುತ್ತದೆ, ಮುಟ್ಟಬೇಡಿ' ಎಂದಿತ್ತು. ಅದು ಅಡುಗೆಮನೆ ಮಾತಂತೆ! ನಿಘಂಟು ಕಂಕುಳಲ್ಲಿಟ್ಟುಕೊಂಡು ಹೋಗಿ ಮ್ಯಾನೇಜರನ ತಲೆ ತಿಂದ. ಸಂಸ್ಕೃತದಲ್ಲಿ 'ಹಾ' ಎಂದರೆ ಬಿಡು, ತೊರೆ. ಅದರಿಂದ ಹಾನಿ, ಅಂದರೆ ಕಳೆದುಕೊಳ್ಳುವುದು. ಅದನ್ನು ಉಂಟುಮಾಡುವುದೇ ಹಾನಿಕಾರಕ. ಮ್ಯಾನೇಜರ್ ಆಕಳಿಸುತ್ತ ಒಪ್ಪಿದ. ಅಲ್ಲಿಗೆ ಪಂಡಿತನಿಗೆ ಕೊಂಬು ಬಂತು. ಸೋಪಿನ ನೀರಿಗೂ ಅದೇ ಪದ, ಗಾಜು ಒರೆಸುವುದಕ್ಕೂ ಅದೇ. ಒಂದೇ ಅಳತೆ, ಒಂದೇ ನೀಲಿ ಅಕ್ಷರ. ಒಳಗೇನಿದೆ ಎಂಬುದು ಮುಚ್ಚಳದ ಮೇಲೆ ಮಾತ್ರ. ತಿಂಗಳೊಳಗೆ ಬಾಟಲಿ ತುಂಬುವ ಹೆಂಗಸರು ಆ ಪದದ ಕಡೆ ಕಣ್ಣೆತ್ತಿ ನೋಡುವುದನ್ನೇ ಬಿಟ್ಟರು.

ಒಂದು ಮಧ್ಯಾಹ್ನ ಇನ್ನೂ ಮುಚ್ಚಳ ಹಾಕದ ಬಾಟಲಿಯೊಂದು ಮೇಜಿನ ಮೇಲೆ ಮಗುಚಿತು. ಸೋಪಿನ ನೀರೆಂದುಕೊಂಡು ತಂಗಿ ಬರಿಗೈಯಲ್ಲೇ ಬಳಿದಳು. ಅದು ಆಸಿಡ್. ಅಂಗೈಯ ಚರ್ಮ ಸುಲಿದು ಬಂತು.

ಅಣ್ಣ ಹೆಂಡತಿಯೊಂದಿಗೆ ಮನೆಗೆ ನೋಡಲು ಬಂದ. ಕೈ ಹೇಗಿದೆ ಎಂದು ಕೇಳಲಿಲ್ಲ. ಅಷ್ಟು ಸ್ಪಷ್ಟವಾಗಿ ಬರೆದಿತ್ತಲ್ಲ, ಓದಬಾರದಿತ್ತೇ ಎಂದ. ಥೂ, ಇವನ ಪಾಂಡಿತ್ಯಕ್ಕಿಷ್ಟು ಬೆಂಕಿ ಹಾಕ! ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ತಂಗಿಗೆ ನಾಚಿಕೆಯಾಯಿತು. ಸೋಮವಾರದಿಂದ ಅವಳ ಜಾಗದಲ್ಲಿ ಕೂರುವವಳು ಅತ್ತಿಗೆ. ಅವಳ ಕೈಯಾದರೂ ಉಳಿಯಲಿ, ಆ ಹಳೇ ಕೆಂಪಕ್ಷರ ವಾಪಸ್ ತರಿಸು ಎಂದು ತಂಗಿ ಬೇಡಿಕೊಂಡಳು. ಪಂಡಿತ ಗಂಭೀರವಾಗಿ ಯೋಚಿಸಿ, ಎಲ್ಲ ಬಾಟಲಿಗಳ ಮೇಲೂ 'ಅತ್ಯಂತ ಹಾನಿಕಾರಕ' ಎಂದು ಹಾಕಿಸುವುದಾಗಿ ಹೇಳಿದ.

ತಂಗಿ ಎದ್ದು ಬಚ್ಚಲಿನಿಂದ ಕಾರ್ಖಾನೆಯ ಎರಡು ಬಾಟಲಿ ತಂದಳು. ಎಡಗೈಯಲ್ಲೇ ಮುಚ್ಚಳ ತಿರುಚಿ ತೆಗೆದು ಮಡಿಲಿಗೆ ಹಾಕಿಕೊಂಡು, ಬಾಟಲಿಗಳನ್ನು ಅವನ ಮುಂದಿಟ್ಟಳು. ಎರಡೂ ನೀರಿನಂತೆ ತಿಳಿಯಾಗಿದ್ದವು, ಎರಡಕ್ಕೂ ಒಂದೇ ನಿಂಬೆ ವಾಸನೆ.

"ಒಂದು ಸೋಪಿನ ನೀರು, ಒಂದು ಆಸಿಡ್. ನೀನು ಬರೆದಿದ್ದನ್ನ ನೀನೇ ಓದ್ಕೊಂಡು, ಸೋಪಿನ ನೀರು ಯಾವ್ದೋ ಅದನ್ನ ಕೈಮೇಲೆ ಸುರ್ಕೋ."

ಪಂಡಿತ ಎರಡು ಲೇಬಲ್ಲನ್ನೂ ಎರಡೆರಡು ಸಲ ಓದಿದ. ಆಮೇಲೆ ಕೈಯನ್ನು ಜೇಬಿಗೆ ಇಳಿಸಿದ.

ಹೆಂಡತಿ ಕೆಂಪು ಪೆನ್ಸಿಲ್ ಹುಡುಕಿ ತಂದು ಅವನ ಮುಂದಿಟ್ಟಳು. "ಹಳೇದನ್ನೇ ಬರೀರಿ," ಎಂದಳು.